ಕುತ್ತಿಗೆಯಿಲ್ಲದ ಭರಣಿ

ಕೃಷ್ಣಮೋಹನನಿಂದ ಒಂದು ಬಟ್ಟಲು ಕೊಳ್ಳಬೇಕಾದರೆ ಮೊದಲು ಮಾತು ಕೊಡಬೇಕಾಗಿತ್ತು. ಬಟ್ಟಲಲ್ಲಿ ಉಣ್ಣುತ್ತೇನೆ, ಹೂಜಿಯಲ್ಲಿ ನೀರನ್ನೇ ತುಂಬುತ್ತೇನೆ, ಯಾವುದರಲ್ಲಿಯೂ ಹೂ ಇಡುವುದಿಲ್ಲ. ಗಾಜಿನ ಕಪಾಟಿನೊಳಗೆ ಇಡುವುದಂತೂ ಅವನ ಲೆಕ್ಕದಲ್ಲಿ ಕೊಲೆಗೆ ಸಮ. ಪುತ್ತೂರಿನ ಒಬ್ಬ ವಕೀಲರು ನಗುನಗುತ್ತಾ ಮಾತು ಕೊಟ್ಟು ಎರಡು ಬಟ್ಟಲು ಒಯ್ದರು. ಮೂರು ತಿಂಗಳ ಮೇಲೆ ಇವನು ಅವರ ಮನೆಗೆ ಹೋಗಿ ನೋಡಿದರೆ, ಬಟ್ಟಲುಗಳು ಕಾನೂನಿನ ದಪ್ಪ ಪುಸ್ತಕಗಳ ನೆತ್ತಿಯ ಮೇಲೆ ಬೋರಲಾಗಿ ಕುಳಿತಿದ್ದವು.

"ಇಷ್ಟು ಚಂದದ್ದರಲ್ಲಿ ಗಂಜಿ ಹಾಕುದು ಹೇಗೆ ಮಾರಾಯ್ರೆ? ಮನಸ್ಸು ಬರುದಿಲ್ಲ," ಎಂದರು ವಕೀಲರು.

ಕೃಷ್ಣಮೋಹನ ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಹೊರಟುಬಿಟ್ಟ. ತಮಾಷೆಯೆಂದು ವಕೀಲರು ಗೇಟಿನವರೆಗೂ ನಗುತ್ತಾ ಬಂದರು. ಅವನು ರಸ್ತೆಯ ತಿರುವು ದಾಟಿದ ಮೇಲೆಯೇ ಅವರ ನಗು ನಿಂತದ್ದು.

ಅವನಿಗೆ ಆಗ ಇಪ್ಪತ್ತಾರು ವರ್ಷ. ನರಿಮೊಗರಿನ ಗದ್ದೆಯ ಒಡೆಯರ ಮನೆಯವನು. ಬಿ.ಎ. ಮುಗಿಸಿ, ಮನೆಯವರು ಹೇಳಿದಂತೆ ಮಾಸ್ತರಿಕೆ ಹಿಡಿಯದೆ, ದೂರದ ಊರೊಂದರ ಕುಂಬಾರಿಕೆ ಶಾಲೆಯಲ್ಲಿ ಎರಡು ವರ್ಷ ಕಳೆದು ಬಂದಿದ್ದ. ಅಲ್ಲಿಯ ಗುರುಗಳದು ಮಾತು ಕಡಿಮೆ. ಶನಿವಾರ ಶನಿವಾರ ವಿದ್ಯಾರ್ಥಿಗಳು ಮಾಡಿದ ಕೆಟ್ಲಿಗಳಿಂದ ಚಹಾ ಬಗ್ಗಿಸಿ ಕುಡಿಯುತ್ತಿದ್ದರು, ಮೂತಿಯಿಂದ ಹನಿ ಸೋರಿದ ಕೆಟ್ಲಿಯನ್ನು ಅಂಗಳಕ್ಕೆ ಎಸೆಯುತ್ತಿದ್ದರು. ಇದನ್ನು ನೋಡಿ ಕೃಷ್ಣಮೋಹನ ಒಂದು ತತ್ವ ಕಲಿತ. ಪಾತ್ರೆ ಇರುವುದು ಬಳಕೆಗೆ, ಬಳಕೆಗೆ ಬೇಡದ್ದೆಲ್ಲ ಸುಳ್ಳು. ಗುರುಗಳು ಯಾವ ತತ್ವವನ್ನೂ ಹೇಳಿರಲಿಲ್ಲ. ಅವರು ಚಹಾ ಕುಡಿದದ್ದು, ಅಷ್ಟೆ.

ಊರಿಗೆ ಬಂದವನು ಸರಕಾರದ ಗ್ರಾಮೋದ್ಯೋಗ ಯೋಜನೆಯೊಂದನ್ನು ಹಿಡಿದು, ಗದ್ದೆಯ ಬದಿಯಲ್ಲಿ ಒಂದು ಶೆಡ್ಡು, ಒಂದು ಭಟ್ಟಿ, ಕಾಲಿನಿಂದ ಒದ್ದು ತಿರುಗಿಸುವ ಒಂದು ತಿಗರಿ ಇಷ್ಟನ್ನು ಮಾಡಿಕೊಂಡ. ಶೆಡ್ಡಿನ ನೆತ್ತಿಗೆ 'ಬಳಕೆಯೇ ರೂಪ' ಎಂದು ಬರೆಸಿದ. ಅದನ್ನು ಓದಿದ ದಾರಿಹೋಕರು ಒಳಗೆ ಏನು ಸಿಗುತ್ತದೆಂದು ತಿಳಿಯದೆ ಮುಂದೆ ಹೋಗುತ್ತಿದ್ದರು. ಅವನು ಮಾಡುತ್ತಿದ್ದದ್ದು ಊರಿನ ಕೆಂಪು ಮಡಕೆಯಲ್ಲ. ಇಪ್ಪತ್ತು ಇಪ್ಪತ್ತೆರಡು ಗಂಟೆ ಉರಿ ಕೊಟ್ಟು, ಮಣ್ಣು ಕಲ್ಲಿನಷ್ಟು ಗಟ್ಟಿಯಾಗುವವರೆಗೆ ಸುಟ್ಟು, ಸೌದೆಯ ಬೂದಿಯನ್ನೇ ಹಚ್ಚಿ ಮೆರುಗು ಬರಿಸಿದ ಪಾತ್ರೆ. ಊರವರು ಅದನ್ನು ಪಿಂಗಾಣಿ ಎಂದರು. ಅವನಿಗೆ ಸಿಟ್ಟು ಬಂತು. ಪಿಂಗಾಣಿಯೇ ಬೇರೆ, ಇದು 'ಶಿಲಾಮೃತ್ತಿಕೆ' ಎಂದು ಹೊಸ ಶಬ್ದ ಕಟ್ಟಿದ. ಆ ಶಬ್ದವನ್ನು ಅವನೊಬ್ಬನೇ ಬಳಸಿದ.

ಮೊದಲ ಸಲ ಬರೀ ಗದ್ದೆಯ ಮಣ್ಣಿನಿಂದ ಮಾಡಿ ಸುಟ್ಟಾಗ ಪಾತ್ರೆಗಳೆಲ್ಲ ಉರಿಗೆ ಕುಸಿದು ಒಂದರ ಮೇಲೊಂದು ಮಲಗಿದ್ದವು. ಮಣ್ಣು ತುಳಿದು ಹದಮಾಡಲು ಬರುತ್ತಿದ್ದ ಅಮ್ಮು ಭಟ್ಟಿಯ ಬಾಯಿಗೆ ಬಗ್ಗಿ ನೋಡಿ, "ಪಾಪ, ಬಚ್ಚಿ ಸುಸ್ತಾಗಿದ್ದಾವೆ, ಮಲಗಲಿ," ಎಂದಿದ್ದಳು. ಅಮ್ಮು ಕುಂಬಾರರ ಮನೆಯ ಹೆಂಗಸು. ವಯಸ್ಸು ಅರವತ್ತರ ಹತ್ತಿರ. ಗಂಡ ತಿರುಗಿಸಿದ ಮಡಕೆಗಳ ಬುಡವನ್ನು ನಲವತ್ತು ವರ್ಷ ತಟ್ಟಿ ತಟ್ಟಿ ಮುಚ್ಚಿದವಳು. ಕೆಂಪು ಮುರಕಲ್ಲಿನ ಅಡಿಯಲ್ಲಿ ಸಿಗುವ, ಗೋಡೆಗೆ ಬಳಿಯುವ ಬಿಳಿ ಶೇಡಿಮಣ್ಣನ್ನು ಬೆರೆಸಿ ನೋಡಿ ಎಂದು ಹೇಳಿದವಳೂ ಅವಳೇ. ಬೆರೆಸಿದ ಮೇಲೆ ಪಾತ್ರೆಗಳು ಎದ್ದು ನಿಂತವು. ಕೃಷ್ಣಮೋಹನ ತನ್ನ ನೋಟುಪುಸ್ತಕದಲ್ಲಿ 'ನನ್ನ ಪ್ರಯೋಗ ಸಂಖ್ಯೆ ಏಳು' ಎಂದು ಬರೆದುಕೊಂಡ.

ಯೋಜನೆಗೆ ಒಂದು ಷರತ್ತಿತ್ತು. ವರ್ಷದ ಕೊನೆಗೆ, ಅಂದರೆ ಅರುವತ್ತನೇ ಇಸವಿಯ ಜುಲೈ ಮುಗಿಯುವ ಮೊದಲು, ಯಾವುದಾದರೂ ಒಂದು ಮನೆಯವರು ಈ ಪಾತ್ರೆಯನ್ನು ನಿಜವಾಗಿ ಬಳಸಿದ್ದೇವೆಂದು 'ಬಳಕೆ ದೃಢಪತ್ರ' ಎಂಬ ಹಾಳೆಗೆ ರುಜು ಹಾಕಬೇಕು. ಒಂದೇ ಒಂದು ಮನೆ ಸಾಕು. ಇಲ್ಲವಾದರೆ ಭಟ್ಟಿ ಮುಚ್ಚುವುದು, ಶೆಡ್ಡು ಜೇನು ಸಾಕಣೆಯವರಿಗೆ.

"ಒಂದು ರುಜು ತಾನೇ," ಎಂದ ಯೋಜನೆಯ ಅಧಿಕಾರಿ ತೀರ್ಥರಾಮ. ಅವನು ಸುಳ್ಯದ ಕಡೆಯವನು, ಊಟಪ್ರಿಯ, ಯಾರ ಕೆಲಸವನ್ನೂ ಕೆಡಿಸದವನು. "ನನ್ನ ಅತ್ತೆ ಅಜ್ಜಾವರದಲ್ಲಿ ಇದ್ದಾರೆ. ಅವರದ್ದು ಹಾಕಿಸಿ ಕೊಡ್ತೇನೆ. ಉಪ್ಪಿನಕಾಯಿ ಹಾಕಿದ್ದೇವೆ ಅಂತ ಬರೀವ."

"ನಿಮ್ಮ ಅತ್ತೆ ನನ್ನ ಭರಣಿ ನೋಡಿದ್ದಾರಾ?"

"ನೋಡುದು ಎಂತಕ್ಕೆ? ರುಜು ಹಾಕ್ಲಿಕ್ಕೆ ನೋಡ್ಬೇಕಾ?"

ಕೃಷ್ಣಮೋಹನ ಸುಮಾರು ಅರ್ಧ ಗಂಟೆ ಸತ್ಯದ ವಿಷಯ ಮಾತಾಡಿದ. ಬಳಕೆಯಾಗದ ಪಾತ್ರೆಗೆ ಬಳಕೆಯ ರುಜು ಹಾಕಿಸುವುದಾದರೆ ಇವತ್ತೇ ಭಟ್ಟಿಯನ್ನು ಒಡೆದುಬಿಡುತ್ತೇನೆ ಎಂದ. ತೀರ್ಥರಾಮ ಮಧ್ಯದಲ್ಲಿ ಎರಡು ಸಲ ಗಡಿಯಾರ ನೋಡಿ, "ಆಯ್ತು ಮಾರಾಯ್ರೆ, ನಿಮ್ಮ ಇಷ್ಟ. ಜೇನು ಕೂಡ ಒಳ್ಳೆಯದೇ," ಎಂದು ಎದ್ದ.

ವಕೀಲರಂಥವರನ್ನು ನಂಬಿ ಪ್ರಯೋಜನವಿಲ್ಲವೆಂದು ಆಗ ಕೃಷ್ಣಮೋಹನನಿಗೆ ಖಚಿತವಾಯಿತು. ಕಪಾಟಿನಲ್ಲಿ ಇಡಲಾರದಂಥದ್ದನ್ನು ಮಾಡಬೇಕು, ದೊಡ್ಡದನ್ನು. ಈ ಸೀಮೆಯಲ್ಲಿ ಬೇಸಗೆಯ ಕೊನೆಗೆ ಮನೆಮನೆಯಲ್ಲಿ ಮಾವಿನ ಮಿಡಿ, ಹಲಸಿನ ಸೊಳೆ ಉಪ್ಪಿಗೆ ಬೀಳುತ್ತವೆ. ತರಕಾರಿ ಸಿಗದ ಮಳೆಗಾಲದ ಮೂರು ತಿಂಗಳು ಮನೆಯವರ ಹೊಟ್ಟೆ ಅದನ್ನು ನಂಬಿಕೊಂಡಿರುತ್ತದೆ. ಅದಕ್ಕೆ ಬೇಕಾದ್ದು ಭರಣಿ. ಮಾರ್ಚಿನಲ್ಲಿ ಅವನು ಭರಣಿಗೆ ಕೈ ಹಾಕಿದ.

ಪೇಟೆಯಲ್ಲಿ ಸಿಗುವ ಒಂದು ಹಳೆಯ ಭರಣಿಯನ್ನು ತಂದು ಎದುರಿಗಿಟ್ಟು ಎರಡು ದಿನ ಅದನ್ನೇ ನೋಡುತ್ತಾ ಕುಳಿತ. ಉಬ್ಬಿದ ಹೊಟ್ಟೆ, ಸರಿ, ತುಂಬಲು ಬೇಕು. ಅಗಲ ಬುಡ, ಸರಿ, ನಿಲ್ಲಲು ಬೇಕು. ಆದರೆ ಹೆಗಲಿನ ಮೇಲೆ ಈ ಕುತ್ತಿಗೆ ಯಾಕೆ? ಹೊಟ್ಟೆಯಿಂದ ಚಂದಕ್ಕೆ ಏರಿಬಂದ ಗೆರೆ ಕುತ್ತಿಗೆಯಲ್ಲಿ ತಟ್ಟನೆ ಒಳಗೆ ಸರಿದು, ತೋಡಿನಂತೆ ಕೊರೆದು, ಮತ್ತೆ ದಪ್ಪ ತುಟಿಯಾಗಿ ಹೊರಗೆ ಚಾಚುತ್ತಿತ್ತು. ಯಾವುದೋ ಕಾಲದ ಚೀನೀ ಜಾಡಿಯ ಅಲಂಕಾರ, ಯಾರೋ ಕಣ್ಣುಮುಚ್ಚಿ ಮುಂದುವರಿಸಿದ್ದಾರೆ ಎಂದು ಅವನು ತೀರ್ಮಾನಿಸಿದ. ತೀರ್ಮಾನಿಸಿದ ಸಂತೋಷಕ್ಕೆ ಆ ದಿನ ಎರಡು ಸಲ ಕಾಫಿ ಕುಡಿದ.

ಅವನ ಭರಣಿಗೆ ಕುತ್ತಿಗೆ ಇರಲಿಲ್ಲ. ಬುಡದಿಂದ ಹೊರಟ ಗೆರೆ ಎಲ್ಲಿಯೂ ತಡೆಯಿಲ್ಲದೆ ಹೊಟ್ಟೆಯಾಗಿ, ಹೆಗಲಾಗಿ, ನುಣುಪಾಗಿ ಬಾಯಿಯಲ್ಲಿ ಮುಗಿಯುತ್ತಿತ್ತು. ಮುಚ್ಚಳ ಬಾಯಿಯೊಳಗೆ ಸಮತಟ್ಟಾಗಿ ಕೂರುತ್ತಿತ್ತು. ಮೊಣಕಾಲಿಗಿಂತ ಎತ್ತರ, ಬೂದಿ ಹಸುರಿನ ಮೆರುಗು. ನೋಡಿದರೆ ಯಾರೋ ಒಂದೇ ಉಸಿರಿಗೆ ಹೇಳಿ ಮುಗಿಸಿದ ಮಾತಿನಂತಿತ್ತು.

ಅಮ್ಮು ಮಣ್ಣಿನ ಕೈಯನ್ನು ಸೊಂಟಕ್ಕೆ ಒರೆಸಿಕೊಳ್ಳುತ್ತಾ ಅದನ್ನು ಸುತ್ತು ಹಾಕಿದಳು. "ಧಣಿಗಳೇ, ಇದರ ಕುತ್ತಿಗೆ ಎಲ್ಲಿ?"

"ತೆಗೆದೆ. ಕುತ್ತಿಗೆಗೆ ಎಂತ ಕೆಲಸ ಹೇಳು? ತುಂಬುದು ಹೊಟ್ಟೆಯಲ್ಲಿ, ತೆಗೆಯುದು ಬಾಯಿಯಿಂದ. ಮಧ್ಯದಲ್ಲಿ ಅದು ಬರೀ ಶೃಂಗಾರ. ನಾವು ಮಾಡುವ ವಸ್ತುವಿನಲ್ಲಿ ಬಳಕೆಗೆ ಬೇಡದ್ದು ಒಂದು ಎಳೆಯೂ ಇರಬಾರದು. ತಿಳಿಯಿತಾ?"

"ಹೌದಾ?" ಎಂದಳು ಅಮ್ಮು. ಮತ್ತೆ ಮಣ್ಣು ತುಳಿಯಲು ಹೋದಳು.

ಈ ಭರಣಿಯನ್ನು ಯಾರಿಗೆ ಕೊಡುವುದೆಂಬ ಪ್ರಶ್ನೆಗೆ ಒಂದೇ ಉತ್ತರವಿತ್ತು. ಕಡಬದ ಮೈಮೂನಮ್ಮ. ಅವರ ಮಗ ಸಾಹುಲ್ ಹಮೀದನದು ಪೇಟೆಯಲ್ಲಿ ಜಿನಸಿನ ಅಂಗಡಿ, ಮನೆ ಅಂಗಡಿಯ ಹಿಂದೆಯೇ. ಮನೆಯಲ್ಲಿ ಹದಿನೇಳು ಜನ. ಅವರ ಉಗ್ರಾಣದಲ್ಲಿ ಹನ್ನೊಂದು ಭರಣಿಗಳಿವೆ, ಅವು ಮಳೆಗಾಲ ಮುಗಿಯುವ ಮೊದಲು ಖಾಲಿಯಾಗುತ್ತವೆ ಎಂದು ಸೀಮೆಯಲ್ಲೇ ಮಾತಿತ್ತು. ಮೈಮೂನಮ್ಮ ಸುಳ್ಳು ಹೇಳುವವರಲ್ಲ ಎಂಬುದೂ ಅಷ್ಟೇ ಪ್ರಸಿದ್ಧ. ಸ್ವಂತ ಮಗನ ಅಂಗಡಿಯ ತೊಗರಿಬೇಳೆಗೆ ಹುಳ ಬಿದ್ದಿದೆಯೆಂದು ಕೊಳ್ಳಲು ಬಂದವರಿಗೆ ಒಳಗಿನಿಂದ ಕೂಗಿ ಹೇಳಿದವರು ಅವರು.

ಏಪ್ರಿಲಿನಲ್ಲಿ ಕೃಷ್ಣಮೋಹನ ಭರಣಿಯನ್ನು ಹುಲ್ಲಿನಲ್ಲಿ ಸುತ್ತಿ, ಶಾಂತಿಮೊಗರಿನ ಹತ್ತಿರ ದೋಣಿಯಲ್ಲಿ ಕುಮಾರಧಾರೆ ದಾಟಿ ಕಡಬಕ್ಕೆ ಒಯ್ದ. ಮೈಮೂನಮ್ಮ ತಲೆಯ ಮೇಲಿನ ಬಟ್ಟೆಯನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿ, ಬೆರಳ ಗೆಣ್ಣಿನಿಂದ ಭರಣಿಯ ಹೊಟ್ಟೆಗೆ ಬಡಿದು ಸದ್ದು ಕೇಳಿದರು. ಒಳಗೆ ಮೂಗು ಇಟ್ಟು ವಾಸನೆ ನೋಡಿದರು. ನಾಲಗೆಯ ತುದಿಯಿಂದ ಮೆರುಗನ್ನು ಮುಟ್ಟಿದರು. ಕೃಷ್ಣಮೋಹನನ ಪಾತ್ರೆಯನ್ನು ಇದುವರೆಗೆ ಯಾರೂ ಹೀಗೆ ನೋಡಿರಲಿಲ್ಲ. ಎಲ್ಲರೂ ಎರಡು ಹೆಜ್ಜೆ ಹಿಂದೆ ನಿಂತು, ಕತ್ತು ವಾರೆ ಮಾಡಿ ನೋಡುತ್ತಿದ್ದರು.

"ಉಪ್ಪುನೀರು ಹಾಕಿ ಇಡ್ತೇನೆ, ಎಂಟು ದಿವಸ," ಎಂದರು ಮೈಮೂನಮ್ಮ. "ಬೆವರದಿದ್ರೆ ಮಣ್ಣು ಒಳ್ಳೆದು. ಬೆವರಿದ್ರೆ ನೀನು ಬಂದು ತೆಕ್ಕೊಂಡು ಹೋಗು ಮೋನೇ. ಬೇಜಾರು ಮಾಡ್ಬಾರ್ದು." ಮಗನ ಪ್ರಾಯದವರೆಲ್ಲ ಅವರಿಗೆ ಮೋನೇ, ಮಗನೇ.

ಹತ್ತನೇ ದಿನ ಸಾಹುಲ್ ಹಮೀದ ಸರಕು ತರಲು ಪುತ್ತೂರಿಗೆ ಬಂದವನು ನರಿಮೊಗರಿಗೆ ಹೇಳಿ ಕಳಿಸಿದ. ಭರಣಿ ಬೆವರಲಿಲ್ಲ. ಸುತ್ತ ಒರೆಸಿ ನೋಡಿದರೆ ಬಟ್ಟೆ ಒಣಗಿಯೇ ಇತ್ತಂತೆ. ಈ ಬಾರಿ ಹಲಸಿನ ಸೊಳೆಯನ್ನು ಅದರಲ್ಲೇ ಹಾಕುತ್ತಾರಂತೆ.

ಕೃಷ್ಣಮೋಹನನಿಗೆ ಆನಂದವೆಂದರೆ ಆನಂದ. ಬಳಕೆಯ ತತ್ವದ ಬಗ್ಗೆ ಪತ್ರಿಕೆಯೊಂದಕ್ಕೆ ಕಳಿಸಲು ಹದಿನಾಲ್ಕು ಪುಟದ ಲೇಖನ ಬರೆದ. ಅದರಲ್ಲಿ ಒಂದು ಪುಟ ಕುತ್ತಿಗೆಯ ಮೇಲೆಯೇ ಇತ್ತು.

ಮೇ ತಿಂಗಳ ಕೊನೆಗೆ, ಕಣ್ಣಾರೆ ನೋಡಿ ಬರೋಣವೆಂದು ಅವನು ಮತ್ತೆ ಕಡಬಕ್ಕೆ ಹೋದ. ಉಗ್ರಾಣದಲ್ಲಿ ಹನ್ನೊಂದು ಹಳೆಯ ಭರಣಿಗಳು ಸಾಲಾಗಿ, ತಲೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಮದುವೆಗೆ ಹೊರಟ ಹಿರಿಯರಂತೆ ನಿಂತಿದ್ದವು. ಅವನದು ಮೂಲೆಯಲ್ಲಿತ್ತು, ಖಾಲಿ.

"ಉಮ್ಮ, ಸೊಳೆ ಹಾಕಲಿಲ್ವಾ?"

"ಹಾಕಿದ್ದೆ. ಮತ್ತೆ ತೆಗ್ದೆ." ಮೈಮೂನಮ್ಮ ನೆಲದಲ್ಲಿ ಕುಳಿತು ಭರಣಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಬಾ ಇಲ್ಲಿ. ಇದಕ್ಕೆ ಬಟ್ಟೆ ಕಟ್ಟಿ ತೋರಿಸು."

ಅವರು ಒಂದು ಚೌಕ ಬಟ್ಟೆ, ಒಂದು ಮಾರು ಬಾಳೆನಾರು ಕೊಟ್ಟರು. ಕೃಷ್ಣಮೋಹನ ಮುಚ್ಚಳ ಹಾಕಿ, ಅದರ ಮೇಲೆ ಬಟ್ಟೆ ಹೊದೆಸಿ, ನಾರು ಸುತ್ತಿ ಬಿಗಿದ. ಬಿಗಿದಂತೆಲ್ಲ ನಾರು ನುಣುಪಾದ ಹೆಗಲಿನ ಮೇಲೆ ಮೆಲ್ಲಗೆ ಮೇಲಕ್ಕೆ ಜಾರಿ, ಬಾಯಿ ದಾಟಿ, ಬಟ್ಟೆಯನ್ನೂ ಎಳೆದುಕೊಂಡು ಅವನ ಕೈಗೇ ಬಂತು. ಮತ್ತೆ ಕಟ್ಟಿದ. ಮತ್ತೆ ಬಂತು. ಮೂರನೆಯ ಸಲ ಅವನು ಹಲ್ಲು ಕಚ್ಚಿ ಎಳೆದ ರಭಸಕ್ಕೆ ನಾರೇ ಕಡಿದುಹೋಯಿತು.

"ನಾನು ಸಹ ಹಾಗೇ ಮಾಡಿದ್ದು," ಎಂದರು ಮೈಮೂನಮ್ಮ, ಅನುಕಂಪದಿಂದ. "ಬೇರೆ ಭರಣಿ ನೋಡು. ತುಟಿಯ ಅಡಿಯಲ್ಲಿ ನಾರು ಕೂತುಕೊಳ್ತದೆ. ಮೇಲೆ ಬರ್ಲಿಕ್ಕೆ ತುಟಿ ಬಿಡುದಿಲ್ಲ."

"ಆದರೆ ಬಟ್ಟೆ ಎಂತಕ್ಕೆ? ನನ್ನ ಮುಚ್ಚಳ ಗಟ್ಟಿ ಉಂಟಲ್ಲ!"

"ಇರುವೆಗೆ ನಿನ್ನ ಮುಚ್ಚಳ ಗಟ್ಟಿ ಅಂತ ಯಾರು ಹೇಳುದು? ಮಳೆಗಾಲದ ಥಂಡಿ ಒಳಗೆ ಹೋದ್ರೆ ಒಂದೇ ವಾರದಲ್ಲಿ ಹುಳ. ಬಟ್ಟೆ ಕಟ್ಟದೆ ಉಪ್ಪಿಗೆ ಹಾಕಿದವರು ಈ ಊರಿನಲ್ಲಿ ಯಾರಾದ್ರೂ ಉಂಟಾ? ಮತ್ತೆ ಇದನ್ನು ಎತ್ತುದು ಎಲ್ಲಿ ಹಿಡಿದು? ಹಳೆ ಭರಣಿಯಾದ್ರೆ ಕುತ್ತಿಗೆಗೆ ಹಗ್ಗ ಹಾಕಿ ಇಬ್ಬರು ಎತ್ತುದು. ಇದು ಮೀನಿನ ಹಾಗೆ ಜಾರ್ತದೆ. ಕುತ್ತಿಗೆ ಯಾಕೆ ಬಿಟ್ಟದ್ದು? ಮರೆತುಹೋಯ್ತಾ?"

ಅದು ಮರೆವಾಗಿರಲಿಲ್ಲ, ತತ್ವವಾಗಿತ್ತು. ಅಲಂಕಾರವೆಂದು ಅವನು ಕಿತ್ತುಹಾಕಿದ್ದು ಆ ಭರಣಿಯ ಅತ್ಯಂತ ದುಡಿಯುವ ಭಾಗವನ್ನು. ಹದಿನಾಲ್ಕು ಪುಟದ ಲೇಖನ ಆಗಲೇ ಅಂಚೆಗೆ ಬಿದ್ದಿತ್ತು.

ನರಿಮೊಗರಿಗೆ ಬಂದವನೇ ಅಮ್ಮುವಿನ ಮೇಲೆ ಹರಿಹಾಯ್ದ. "ಕುತ್ತಿಗೆ ಬೇಕು ಅಂತ ನಿನಗೆ ಗೊತ್ತಿತ್ತಲ್ಲ? ಮೊದಲೇ ಹೇಳುದಕ್ಕೆ ಎಂತ?"

"ನೀವು ಕೇಳಿದ್ರೆ ಹೇಳುದು. ನೀವು ಹೇಳ್ತಾ ಇದ್ರಿ, ನಾನು ಕೇಳ್ತಾ ಇದ್ದೆ."

"ಕುತ್ತಿಗೆಗೆ ಎಂತ ಕೆಲಸ ಹೇಳು ಅಂತ ಕೇಳಿದ್ದೇನೆ!"

"ಅದು ಕೇಳಿದ್ದಾ? ನಾನು ಬೈದದ್ದು ಅಂತ ಎಣಿಸಿದೆ."

ಆ ವಾರವೇ ಕುತ್ತಿಗೆ ಇರುವ ಭರಣಿಗಳನ್ನು ಮಾಡಿದರು. ತುಟಿ ಎಷ್ಟು ಚಾಚಬೇಕು, ಅದರ ಅಡಿಯಲ್ಲಿ ನಾರು ಕೂರಲು ಎಷ್ಟು ಆಳ ಬೇಕು ಎಂಬುದನ್ನು ಅಮ್ಮು ತನ್ನ ಕಿರುಬೆರಳನ್ನು ಹಸಿಮಣ್ಣಿನಲ್ಲಿ ಒತ್ತಿ ತೋರಿಸಿದಳು. ಆದರೆ ದೊಡ್ಡ ಪಾತ್ರೆ ಒಣಗಲು ಮೂರು ವಾರ ಬೇಕು. ಅಷ್ಟರಲ್ಲಿ ಮಳೆ ಹಿಡಿಯಿತು. ಮಣ್ಣು ಒಣಗಲಿಲ್ಲ, ಸೌದೆ ನೆನೆಯಿತು. ಭಟ್ಟಿಗೆ ಬೆಂಕಿ ಕೊಟ್ಟರೆ ಹೊಗೆಯಷ್ಟೇ ಬಂತು. ಬೆಂಕಿ ಹತ್ತಿದ್ದರೂ ಪ್ರಯೋಜನವಿರಲಿಲ್ಲ. ಹಲಸು, ಮಾವು ಮುಗಿದಿದ್ದವು. ಉಪ್ಪಿಗೆ ಹಾಕುವವರು ಹಾಕಿ ಕೈ ತೊಳೆದುಕೊಂಡಿದ್ದರು.

ಜುಲೈ ಮೊದಲ ವಾರ ಜೇನಿನ ಪೆಟ್ಟಿಗೆಗಳು ಬಂದವು. ಎಂಟು. ಇನ್ನೂ ತಿಂಗಳಿದೆಯೆಂದು ಕೃಷ್ಣಮೋಹನ ಜಗಳಾಡಿದ. ಪೆಟ್ಟಿಗೆ ತಂದವರು, "ಇರ್ಲಿ, ಮೂಲೆಯಲ್ಲಿ ಇಡುದು ಅಷ್ಟೆ, ಹುಳ ಆಮೇಲೆ ಬರುದು," ಎಂದು ತಿಗರಿಯ ಪಕ್ಕದಲ್ಲೇ ಪೇರಿಸಿ ಹೋದರು. ಅವನು ತಿಗರಿ ಒದೆಯಲು ಕಾಲು ಚಾಚಿದಾಗಲೆಲ್ಲ ಮೊಣಕಾಲು ಪೆಟ್ಟಿಗೆಗೆ ತಾಗುತ್ತಿತ್ತು.

ಇಪ್ಪತ್ತನೇ ತಾರೀಕಿಗೆ ತೀರ್ಥರಾಮ ಹಾಳೆ ಹಿಡಿದು ಬಂದ. ಕಡಬದಲ್ಲಿ ಒಂದು ಭರಣಿ ಕೊಟ್ಟಿದ್ದೀರಲ್ಲ, ಕಣ್ಣಿನಿಂದ ನೋಡಿ ಬರೆಯಬೇಕೆಂದು ನಿಯಮ ಉಂಟು, ಹೊರಡಿ ಎಂದ. ಅದು ಖಾಲಿ ಇದೆ ಎಂದರೂ ಕೇಳಲಿಲ್ಲ. "ಖಾಲಿ ಇದ್ರೆ ಖಾಲಿ ಅಂತ ಬರೀವ. ಸಾಹುಲ್‌ನ ಮನೆಯಲ್ಲಿ ಊಟ ಹೇಗೂ ಉಂಟಲ್ಲ." ಹೊಳೆ ತುಂಬಿ ದೋಣಿ ನಿಂತಿತ್ತು. ಸುತ್ತುದಾರಿಯ ಬಸ್ಸಿನಲ್ಲಿ, ಸೋರುವ ಮಾಡಿನ ಅಡಿಯಲ್ಲಿ, ಇಬ್ಬರೂ ಕಡಬ ತಲುಪುವಾಗ ಮಧ್ಯಾಹ್ನವಾಗಿತ್ತು.

ಭರಣಿ ಉಗ್ರಾಣದಲ್ಲಿ ಇರಲಿಲ್ಲ. ಅಂಗಡಿಯ ಹೊಸ್ತಿಲಿನ ಪಕ್ಕದಲ್ಲಿತ್ತು. ಅದರ ಬಾಯಿಯಿಂದ ಏಳು ಕೊಡೆಗಳ ಬಾಗಿದ ಹಿಡಿಗಳು ಹೊರಗೆ ಇಣುಕುತ್ತಿದ್ದವು.

ಕೃಷ್ಣಮೋಹನ ನೋಡುತ್ತಿದ್ದಂತೆಯೇ ಒಬ್ಬ ಗಿರಾಕಿ ಮಳೆಯಿಂದ ಓಡಿಬಂದು, ಕೊಡೆ ಮಡಚಿ, ಭರಣಿಯ ಕಡೆ ತಿರುಗಿಯೂ ನೋಡದೆ ಅದರೊಳಗೆ ಇಳಿಬಿಟ್ಟು, ಸಕ್ಕರೆಯ ದರ ಕೇಳಿದ. ಇನ್ನೊಬ್ಬ ಹೋಗುವಾಗ ತನ್ನದನ್ನು ಎಳೆದುಕೊಂಡು ಹೋದ. ಯಾರೂ ಎರಡು ಹೆಜ್ಜೆ ಹಿಂದೆ ನಿಲ್ಲಲಿಲ್ಲ. ಯಾರೂ ಚಂದ ಉಂಟು ಎನ್ನಲಿಲ್ಲ.

"ಬನ್ನಿ ಬನ್ನಿ, ಕೃಷ್ಣಮೋಹನಣ್ಣ," ಎಂದ ಸಾಹುಲ್ ಹಮೀದ. "ನಿಮ್ಮ ಕೊಡೆ ಸಹ ಹಾಕಿ ಅದಕ್ಕೆ. ಭಾರೀ ಉಪಕಾರ ಆಯ್ತು ಮಾರಾಯ್ರೆ. ಮೊದಲು ಎಲ್ಲರ ಕೊಡೆ ಗೋಡೆಗೆ ಒರಗಿಸುದು, ನೀರು ಹರಿದು ಅಕ್ಕಿಮೂಟೆಯ ಬುಡಕ್ಕೆ. ಒಂದು ಡಬ್ಬ ಇಟ್ಟೆ, ಅದು ಮಗುಚಿತು. ಇದು ಕಲ್ಲಿನ ಹಾಗೆ ಕೂತುಕೊಂಡಿದೆ. ಬಾಯಿ ಸಹ ನುಣ್ಣಗೆ ಉಂಟಲ್ಲ, ಬಟ್ಟೆ ಸಿಕ್ಕಿ ಹರಿಯುದಿಲ್ಲ."

ಕೃಷ್ಣಮೋಹನ ಕೊಡೆಗಳನ್ನು ಒಂದೊಂದಾಗಿ ಹೊರಗೆ ತೆಗೆದು ಗೋಡೆಗೆ ಒರಗಿಸತೊಡಗಿದ.

"ಎಂತ ಮಾಡುದು ನೀವು?"

"ಇದನ್ನು ನಾನು ವಾಪಸು ಒಯ್ತೇನೆ. ಇದು ಕೊಡೆಗೆ ಮಾಡಿದ್ದಲ್ಲ."

ಸಾಹುಲ್ ಹಮೀದ ಗಲ್ಲೆಯಿಂದ ಎದ್ದುಬಂದು ಭರಣಿಯ ಬಾಯಿಗೆ ಕೈ ಹಾಕಿ ಹಿಡಿದ. ಇವನು ಬುಡ ಹಿಡಿದ. ಭರಣಿಯೊಳಗಿನ ಮಳೆನೀರು ಎರಡೂ ಕಡೆ ತುಳುಕಿತು. ಗಿರಾಕಿಗಳು ಸಕ್ಕರೆಯನ್ನು ಬಿಟ್ಟು ಇತ್ತ ತಿರುಗಿದರು. ತೀರ್ಥರಾಮ, "ಛೆ ಛೆ, ಒಡೆದೀತು," ಎನ್ನುತ್ತಾ ತನ್ನ ಪಂಚೆ ಎತ್ತಿಕೊಂಡು ಬದಿಗೆ ಸರಿದ. ಆಗ ಮನೆಯ ಕಡೆಯ ಬಾಗಿಲ ಸಂದಿಯಿಂದ ಮೈಮೂನಮ್ಮನ ದನಿ ಬಂತು.

"ಮೋನೇ, ಬಿಡು ಅದನ್ನು."

"ಉಮ್ಮ, ಅದು ಉಪ್ಪಿಗೆ ಮಾಡಿದ್ದು," ಎಂದ ಕೃಷ್ಣಮೋಹನ.

"ಉಪ್ಪಿಗೆ ಆಗ್ಲಿಲ್ಲ. ಕೊಡೆಗೆ ಆಯ್ತು. ನಾನೆಂತ ಮಾಡ್ಲಿ?"

"ಬರುವ ವರ್ಷ ಕುತ್ತಿಗೆ ಇದ್ದದ್ದು ತಂದು ಕೊಡ್ತೇನೆ."

"ತಾ. ಅದರಲ್ಲಿ ಸೊಳೆ ಹಾಕ್ತೇನೆ. ಇದನ್ನು ಕೊಡುದಿಲ್ಲ. ಇದು ಈಗ ಬೇಕು ನಮಗೆ."

ಕೃಷ್ಣಮೋಹನ ಬುಡ ಬಿಟ್ಟ. ಅವನ ಪಾತ್ರೆಯೊಂದನ್ನು ಯಾರಾದರೂ ಕೊಡುವುದಿಲ್ಲವೆಂದು ಹಿಡಿದುಕೊಂಡದ್ದು ಅದೇ ಮೊದಲು. ಹಾಗೆಂದು ಅವನಿಗೆ ಸಂತೋಷವಾಯಿತೆಂದಲ್ಲ. ಒಂದು ವರ್ಷ ಬಳಕೆ ಬಳಕೆ ಎಂದು ಕೂಗಿದವನಿಗೆ, ಬಳಕೆ ತನ್ನನ್ನು ಕೇಳದೆ ಬಂದು ಕುಳಿತದ್ದು ಅವಮಾನದಂತೆಯೇ ಕಂಡಿತು.

ತೀರ್ಥರಾಮ ಸಕ್ಕರೆ ಮೂಟೆಯ ಮೇಲೆ ಹಾಳೆ ಬಿಡಿಸಿದ. ಮೈಮೂನಮ್ಮನಿಗೆ ಕನ್ನಡ ಬರೆಯಲು ಬರುವುದಿಲ್ಲ. ಅರಬಿ ಅಕ್ಷರಗಳಲ್ಲಿ ಹೆಸರು ಬರೆಯುತ್ತಾರೆ. ಅವರು ಹೇಳಿದ್ದನ್ನು ಯಾರಾದರೂ ಬರೆದು ಓದಿ ಹೇಳಬೇಕು. ತನ್ನ ಅಕ್ಷರ ತನಗೇ ತಿಳಿಯುವುದಿಲ್ಲವೆಂದು ತೀರ್ಥರಾಮ ಪೆನ್ನನ್ನು ಕೃಷ್ಣಮೋಹನನ ಕೈಗೆ ಕೊಟ್ಟ. ಐದನೆಯ ಕಲಮು ಹೀಗಿತ್ತು: 'ಸದರಿ ವಸ್ತುವನ್ನು ಗೃಹಸ್ಥರು ಯಾವ ಉಪಯೋಗಕ್ಕೆ ತಂದಿರುತ್ತಾರೆ?'

"ಉಪ್ಪಿನಕಾಯಿ ಅಂತ ಬರೀರಿ," ಎಂದು ತೀರ್ಥರಾಮ ಕಿವಿಯಲ್ಲಿ ಉಸುರಿದ. "ನಮ್ಮ ಪಟ್ಟಿಯಲ್ಲಿ ಉಪ್ಪಿನಕಾಯಿ ಭರಣಿ ಉಂಟು, ನೀರಿನ ಹೂಜಿ ಉಂಟು. ಕೊಡೆಯ ಜಾಡಿ ಅಂತ ಎಲ್ಲಿಯೂ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಭಟ್ಟಿ ಉಳಿಯುದಿಲ್ಲ ಮಾರಾಯ್ರೆ. ಅವರಿಗೆ ಓದ್ಲಿಕ್ಕೆ ಬರುದಿಲ್ಲ. ನೀವು ಬಾಯಿಯಲ್ಲಿ ಕೊಡೆ ಅಂತ ಓದಿ, ಆಯ್ತು."

ಪೆನ್ನು ಕಲಮಿನ ಮೇಲೆ ನಿಂತಿತು. ಭರಣಿಯನ್ನು ಉಪ್ಪಿನಕಾಯಿಗೇ ಮಾಡಿದ್ದು ಸತ್ಯವಲ್ಲವೇ ಎಂದು ಕೃಷ್ಣಮೋಹನ ಯೋಚಿಸಿದ. ಮಾಡಿದವನ ಉದ್ದೇಶವೂ ಒಂದು ಬಗೆಯ ಉಪಯೋಗವೇ. ಎಂಟು ದಿನ ಉಪ್ಪುನೀರು ಅದರಲ್ಲಿ ಇದ್ದದ್ದೂ ಹೌದು. ಸೊಳೆಯನ್ನು ಹಾಕಿ ತೆಗೆದದ್ದೂ ಹೌದು. ಹೀಗೆ ಸತ್ಯಗಳು ಒಂದೊಂದಾಗಿ ಬಂದು ಸುಳ್ಳಿನ ಪರವಾಗಿ ಸಾಲು ನಿಂತವು. ತನ್ನ ತಲೆಯಲ್ಲಿ ಒಬ್ಬ ತೀರ್ಥರಾಮ ಮೊದಲಿನಿಂದಲೂ ಇದ್ದ ಎಂಬುದು ಅವನಿಗೆ ಆ ಮಧ್ಯಾಹ್ನ ಗೊತ್ತಾಯಿತು.

"ಎಂತ ಬರೆದೆ ಮೋನೇ?" ಎಂದರು ಬಾಗಿಲ ಸಂದಿಯಿಂದ ಮೈಮೂನಮ್ಮ.

"ಇನ್ನೂ ಬರೆದಿಲ್ಲ. ನೀವು ಹೇಳಿ."

"ಮಳೆಗಾಲದಲ್ಲಿ ಅಂಗಡಿಗೆ ಬರುವವರ ಕೊಡೆ ಇಡ್ಲಿಕ್ಕೆ. ಸಂಜೆ ಸಾಹುಲ್ ನೀರು ಚೆಲ್ತಾನೆ. ದಿವಸ ಹತ್ತು ಹನ್ನೆರಡು ಕೊಡೆ. ಶುಕ್ರವಾರ ಕಡಿಮೆ."

ಅವನು ಹಾಗೆಯೇ ಬರೆದ, ಶುಕ್ರವಾರವನ್ನೂ ಬಿಡದೆ. ಕೆಳಗೆ 'ತಯಾರಕರ ಷರಾ' ಎಂದು ಒಂದು ಜಾಗವಿತ್ತು. ಅಲ್ಲಿ ಬರೆದ: 'ಇದನ್ನು ನಾನು ಬೇರೆ ಉಪಯೋಗಕ್ಕೆ ಮಾಡಿದ್ದೆ. ಆ ಉಪಯೋಗಕ್ಕೆ ಇದು ಆಗಲಿಲ್ಲ.' ಗಟ್ಟಿಯಾಗಿ ಓದಿ ಹೇಳಿದ. ಬಾಗಿಲ ಸಂದಿಯಿಂದ ಒಂದು ಕೈ ಬಂದು ಹಾಳೆಯನ್ನು ಒಳಗೆ ತೆಗೆದುಕೊಂಡು, ಬಲದಿಂದ ಎಡಕ್ಕೆ ಹೆಸರು ಬರೆದು ಹೊರಗೆ ಕೊಟ್ಟಿತು.

"ಮುಗೀತು ನಿಮ್ಮ ಕತೆ," ಎಂದು ತೀರ್ಥರಾಮ ನಿಟ್ಟುಸಿರಿಟ್ಟು ಊಟಕ್ಕೆ ಎದ್ದ.

ಆದರೆ ಮುಗಿಯಲಿಲ್ಲ. ಆಗಸ್ಟಿನಲ್ಲಿ ಯೋಜನೆಯ ಸಮಿತಿ ಸೇರಿದ ದಿನ ಜೋರು ಮಳೆ. ಅಧ್ಯಕ್ಷರ ಕೊಡೆಯಿಂದ ಹರಿದ ನೀರು ಮೇಜಿನ ಅಡಿಯಲ್ಲಿ ಕಟ್ಟಿಟ್ಟಿದ್ದ ಕಡತಗಳಿಗೆ ಹೋಗಿ, ಮೂರು ವರ್ಷದ ವರದಿಗಳು ಒಂದಕ್ಕೊಂದು ಅಂಟಿಕೊಂಡವಂತೆ. ಅದೇ ಹೊತ್ತಿಗೆ ಕಡಬದ ಹಾಳೆ ಅವರ ಕೈಗೆ ಬಂತು. ಅವರು ಐದನೆಯ ಕಲಮನ್ನು ಎರಡು ಸಲ ಓದಿದರು. ಷರಾವನ್ನು ಓದಲಿಲ್ಲ. ವಾರದೊಳಗೆ ಆದೇಶ ಬಂತು: ಭಟ್ಟಿ ಮುಂದುವರಿಯಲಿ, ಸರಕಾರಿ ಕಚೇರಿಗಳಿಗೆ ಕಡಬದ ಮಾದರಿಯಂತೆ ನಲವತ್ತು ಕೊಡೆಯ ಜಾಡಿ ಮಾಡಿಕೊಡತಕ್ಕದ್ದು. ಜೇನಿನ ಪೆಟ್ಟಿಗೆಗಳು ಬಂದ ದಾರಿಯಲ್ಲೇ ಹೋದವು.

ಕೃಷ್ಣಮೋಹನ ಆದೇಶವನ್ನು ಅಮ್ಮುವಿಗೆ ಓದಿ ಹೇಳಿದ. ಕೊಡೆಯ ಸ್ವಭಾವದ ಬಗ್ಗೆ, ನೀರು ಇಳಿಯುವ ಕ್ರಮದ ಬಗ್ಗೆ ಅವನ ತಲೆಯಲ್ಲಿ ಆಗಲೇ ಎರಡು ಪುಟದಷ್ಟು ಹುಟ್ಟಿಕೊಂಡಿತ್ತು. ಹೇಳಲು ಬಾಯಿ ತೆರೆದ.

"ಕೊಡೆ ಎಷ್ಟು ಉದ್ದ ಇರುದು ಧಣಿಗಳೇ?" ಎಂದಳು ಅಮ್ಮು. "ಎಲ್ಲ ಒಂದೇ ಉದ್ದವಾ?"

ಅವನು ಮೂಲೆಯಲ್ಲಿದ್ದ ತನ್ನ ಕೊಡೆಯನ್ನು ತಂದು ಅಳೆದ.

ಮರುದಿನ ಬೆಳಿಗ್ಗೆ ಅವನು ಒಂದು ದಾರ, ನೋಟುಪುಸ್ತಕ ಹಿಡಿದು ಪುತ್ತೂರಿನ ಬಸ್ಸು ನಿಲ್ದಾಣಕ್ಕೆ ಹೋದ. ಬೆಂಚಿನ ಮೇಲೆ ಒಣಮೀನಿನ ವ್ಯಾಪಾರಿ ಪೋಕರ್ ಬಸ್ಸಿಗೆ ಕಾಯುತ್ತಾ ಕುಳಿತಿದ್ದ. ತೊಡೆಯ ಮೇಲೆ ಒದ್ದೆ ಕೊಡೆ.

"ನಿಮ್ಮ ಕೊಡೆ ಒಮ್ಮೆ ಅಳೆದು ನೋಡ್ಬಹುದಾ?"

ಪೋಕರ್ ಹಿಡಿಯನ್ನು ಬಿಗಿಮಾಡಿದ. "ಎಂತಕ್ಕೆ?"

"ಉದ್ದ ಎಷ್ಟು ಅಂತ. ಅದನ್ನು ಇಡುವ ಜಾಡಿ ಮಾಡ್ಬೇಕು."

"ನಿಮ್ಮದು ಇಲ್ವಾ?"

"ನನ್ನದು ಅಳೆದು ಆಯ್ತು. ಅದು ಒಂದೇ ಕೊಡೆ ಅಲ್ವಾ?"

ಪೋಕರ್ ಸ್ವಲ್ಪ ಯೋಚಿಸಿ ಒಪ್ಪಿದ, ಆದರೆ ಹಿಡಿ ಬಿಡಲಿಲ್ಲ. ಕೃಷ್ಣಮೋಹನ ನೆಲದಲ್ಲಿ ಕುಕ್ಕರಗಾಲಲ್ಲಿ ಕುಳಿತು, ತುದಿಯಿಂದ ಪೋಕರನ ಮುಷ್ಟಿಯವರೆಗೆ ದಾರ ಹಿಡಿದು, ಗಂಟು ಹಾಕಿ, ಬರೆದುಕೊಂಡ.

"ಅಂಗಡಿಗೆ ಹೋದಾಗ ಇದನ್ನು ಹೇಗೆ ಇಡುದು? ತುದಿ ಕೆಳಗೆ ಮಾಡಿಯಾ, ಮೇಲೆ ಮಾಡಿಯಾ?"

"ನಾನು ಇಡುದೇ ಇಲ್ಲ," ಎಂದ ಪೋಕರ್. "ಇಟ್ರೆ ಹೋಗ್ತದೆ. ಕೈಯಲ್ಲೇ ಹಿಡ್ಕೊಳ್ಳುದು."

ಕೃಷ್ಣಮೋಹನ ಅದನ್ನೂ ಬರೆದುಕೊಂಡ.